ಹಾಲು ತೂಗಿ ಕೊಟ್ಟ ದುಡ್ಡು

"ಎಕರೆಗೆ ಇಷ್ಟು ಅಂತ ಕೊಡ್ತಾರೋ, ತಲೆಗೆ ಇಷ್ಟು ಅಂತಾನೋ?"

2020ರ ಜೂನ್‌ನಲ್ಲಿ ಅಪ್ಪ ಫೋನಲ್ಲಿ ಕೇಳಿದ್ದು ಇದು. ಅಮೆರಿಕ ಸರ್ಕಾರ ಇಲ್ಲಿನ ರೈತರಿಗೆ ಕೊರೋನಾ ಪರಿಹಾರ ಕೊಡ್ತಾ ಇದೆ, ನಮ್ಮ ಆಫೀಸಲ್ಲಿ ದಿನಾ ಅದೇ ಕೆಲಸ ಅಂತ ನಾನು ಹೇಳಿದ್ದಕ್ಕೆ. ಜೀವಮಾನ ಪೂರ್ತಿ ಜಮೀನು ಮಾಡಿದ ಮನುಷ್ಯ, ಅವರಿಗೆ ಮೊದಲು ಹೊಳೆಯೋದು ಅದೇ. "ಎರಡೂ ಅಲ್ಲಪ್ಪ, ಜನವರಿಯಿಂದ ಮಾರ್ಚ್‌ವರೆಗೆ ಎಷ್ಟು ಹಾಲು ಕರೆದಿದ್ರೋ ಆ ತೂಕಕ್ಕೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಯಾರ ಮನೇಲಿ ಹಾಲು ಜಾಸ್ತಿಯೋ ಅವರಿಗೇ ದುಡ್ಡೂ ಜಾಸ್ತಿ, ಅಲ್ವಾ" ಅಂದ್ರು. ಅವರಂದಿದ್ದು ಸರಿಯಾಗೇ ಇತ್ತು. ಆ ಮಾತು ಅವತ್ತಿಂದ ನನ್ನ ತಲೇಲಿ ಹಾಗೇ ಕೂತಿದೆ, ಬರೀಬೇಕು ಬರೀಬೇಕು ಅಂದ್ಕೊಂಡೇ ಇಷ್ಟು ವರ್ಷ ಆಯ್ತು.

ನಾವಿರೋದು ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯ ಒಂದು ಕೌಂಟಿಯಲ್ಲಿ, ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ನಮ್ಮನೆಯವರಿಗೆ ಇಲ್ಲಿನ ಸಣ್ಣ ಆಸ್ಪತ್ರೇಲಿ ಕೆಲಸ, ನಾನು ಊರಿನ ಒಂದು ಲೆಕ್ಕಪತ್ರದ ಆಫೀಸಲ್ಲಿ ರೈತರ ಬುಕ್ಸ್ ನೋಡ್ಕೋತೀನಿ, ಟ್ಯಾಕ್ಸ್ ಫೈಲ್ ಮಾಡ್ತೀನಿ. ಹಿಮಯುಗದಲ್ಲಿ ಸುತ್ತಮುತ್ತ ಎಲ್ಲ ಕಡೆ ಹಿಮನದಿಗಳು ಬಂದು ನೆಲಾನ ಉಜ್ಜಿ ಸಮ ಮಾಡಿ ಹೋದ್ವಂತೆ, ಈ ಮೂಲೆಗೆ ಮಾತ್ರ ಬರಲೇ ಇಲ್ಲ, ಅದಕ್ಕೆ ಇಲ್ಲಿ ಗುಡ್ಡ ಕಣಿವೆ ಹಾಗೇ ಉಳ್ಕೊಂಡಿದೆ, ಡ್ರಿಫ್ಟ್‌ಲೆಸ್ ಏರಿಯಾ ಅಂತಾರೆ ಇದಕ್ಕೆ. ಗುಡ್ಡದ ಓರೆಗೆ ಪಟ್ಟಿ ಪಟ್ಟಿಯಾಗಿ ಮೆಕ್ಕೆಜೋಳ, ಅಲ್ಫಾಲ್ಫಾ ಅನ್ನೋ ಮೇವಿನ ಸೊಪ್ಪು, ಓಟ್ಸ್ ಬೆಳೀತಾರೆ. ದೊಡ್ಡ ಮೆಷಿನ್ ಓಡ್ಸೋಕೆ ಆಗದ ನೆಲ, ಅದಕ್ಕೇ ಇಲ್ಲಿ ಸಣ್ಣ ಡೈರಿಗಳು ಇಷ್ಟು ಕಾಲ ಉಳಿದಿದ್ದು. ಐವತ್ತು ಹಸು, ಅರವತ್ತು ಹಸು, ಗಂಡ ಹೆಂಡತಿ, ಶಾಲೆಯಿಂದ ಬಂದ್ಮೇಲೆ ಕೈ ಹಾಕೋ ಮಕ್ಕಳು, ಅಷ್ಟೇ.

ಕೊರೋನಾ ಬರೋಕೆ ಮುಂಚೇನೇ ಇವರ ಸ್ಥಿತಿ ಚೆನ್ನಾಗಿರಲಿಲ್ಲ ಅನ್ನೋದನ್ನ ಮೊದಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿನದು ಅರ್ಥ ಆಗಲ್ಲ. 2019 ಒಂದೇ ವರ್ಷದಲ್ಲಿ ವಿಸ್ಕಾನ್ಸಿನ್‌ನಲ್ಲಿ ಹತ್ತಕ್ಕೆ ಒಂದು ಡೈರಿ ಮುಚ್ಚಿತ್ತು. ಐದು ವರ್ಷದಿಂದ ಹಾಲಿನ ರೇಟು ಬಿದ್ದೇ ಇತ್ತು, ಚೀನಾ ಜೊತೆ ಸುಂಕದ ಜಗಳ ಬೇರೆ. 2019ರ ಕೊನೇಲಿ ರೇಟು ಸ್ವಲ್ಪ ಎದ್ದಿತ್ತು. ಇಲ್ಲಿ ಹಾಲನ್ನ ನೂರು ಪೌಂಡ್ ಲೆಕ್ಕದಲ್ಲಿ ಮಾರೋದು, ಹಂಡ್ರೆಡ್‌ವೇಟ್ ಅಂತಾರೆ, ಸುಮಾರು 45 ಕೆಜಿ. ಚೀಸ್‌ಗೆ ಹೋಗೋ ಹಾಲಿಗೆ ಸರ್ಕಾರ ತಿಂಗಳು ತಿಂಗಳು ಘೋಷಿಸೋ ಕ್ಲಾಸ್ 3 ಬೆಲೆ 2020ರ ಜನವರೀಲಿ 17.05 ಡಾಲರ್ ಇತ್ತು. ಈ ವರ್ಷ ಸಾಲ ಸ್ವಲ್ಪ ತೀರುತ್ತೆ ಅಂತ ಎಲ್ಲರೂ ಅಂದ್ಕೊಂಡಿದ್ರು, ನಾನೂ ಅವರ ಬಜೆಟ್ ಹಾಕ್ವಾಗ ಹಾಗೇ ಹಾಕಿದ್ದೆ.

ಮಾರ್ಚ್‌ನಲ್ಲಿ ಶಾಲೆ, ಹೋಟೆಲ್, ಎಲ್ಲ ಬಾಗಿಲು ಹಾಕಿದ್ವು. ಅಮೆರಿಕದ ಚೀಸ್, ಬೆಣ್ಣೆ ಎಷ್ಟೋ ಪಾಲು ಹೋಗೋದು ಹೋಟೆಲ್‌ಗೆ, ಪಿಜ್ಜಾಗೆ, ಶಾಲೆ ಕ್ಯಾಂಟೀನ್‌ಗೆ. ಅಂಗಡೀಲಿ ಜನ ಹಾಲಿಗೆ ಕ್ಯೂ ನಿಂತಿದ್ರು, ಒಬ್ಬರಿಗೆ ಎರಡೇ ಕ್ಯಾನ್ ಅಂತ ಬೋರ್ಡ್ ಹಾಕಿದ್ರು, ಅದೇ ಹೊತ್ತಲ್ಲಿ ಇತ್ಲಾಗೆ ರೈತರು ಹಾಲನ್ನ ಗೊಬ್ಬರದ ಹೊಂಡಕ್ಕೆ ಬಿಡ್ತಿದ್ರು. ಯಾಕಂದ್ರೆ ಹೋಟೆಲ್‌ಗೆ ದೊಡ್ಡ ದೊಡ್ಡ ಚೀಲದಲ್ಲಿ ಪ್ಯಾಕ್ ಮಾಡೋ ಫ್ಯಾಕ್ಟರಿ ಒಂದೇ ವಾರದಲ್ಲಿ ಮನೆ ಬಳಕೆಯ ಕ್ಯಾನ್ ತುಂಬೋಕೆ ಆಗಲ್ಲ, ಮತ್ತೆ ಹಸುಗೆ ಇವತ್ತು ರಜಾ ಅಂತ ಹೇಳೋಕೂ ಆಗಲ್ಲ, ಬೆಳಗ್ಗೆ ಸಂಜೆ ಕರೀಲೇಬೇಕು. ಏಪ್ರಿಲ್ ಮಧ್ಯದಲ್ಲಿ ಚೆಡ್ಡಾರ್ ಚೀಸ್ ಪೌಂಡಿಗೆ 1 ಡಾಲರ್ ಆಸುಪಾಸಿಗೆ ಬಂತು. ಮೇ ತಿಂಗಳ ಕ್ಲಾಸ್ 3 ಬೆಲೆ 12.14.

ನಮ್ಮ ರಸ್ತೆ ಕೊನೇಲಿ ಒಂದು ಡೈರಿ ಇದೆ, ವಯಸ್ಸಾದ ಗಂಡ ಹೆಂಡತಿ, ನಾನು ಅವರನ್ನ ಮನಸ್ಸಲ್ಲಿ ಅಜ್ಜ ಅಜ್ಜಿ ಅಂತಲೇ ಅಂದ್ಕೊಳ್ಳೋದು. 60 ಹಸು. ಒಂದು ಹಸು ದಿನಕ್ಕೆ ಸರಾಸರಿ 65 ಪೌಂಡ್ ಹಾಲು. ಮೇ ತಿಂಗಳಿಗೆ ಸುಮಾರು 1,209 ಹಂಡ್ರೆಡ್‌ವೇಟ್. ಜನವರಿ ರೇಟಿಗೂ ಮೇ ರೇಟಿಗೂ ಇರೋ ವ್ಯತ್ಯಾಸಕ್ಕೆ ಗುಣಿಸಿ ನೋಡಿ, ಒಂದೇ ತಿಂಗಳಲ್ಲಿ 5,900 ಡಾಲರ್ ಮೇಲೆ ಕಡಿಮೆ. ಮೇವಿನ ಬಿಲ್ಲು, ಕರೆಂಟು, ವೆಟ್ ಅಂದ್ರೆ ದನದ ಡಾಕ್ಟರ ಬಿಲ್ಲು ಒಂದು ಡಾಲರೂ ಕಡಿಮೆ ಆಗಿರಲಿಲ್ಲ. ಅಜ್ಜಿ ಆ ತಿಂಗಳು ಹಾಲಿನ ಚೆಕ್ಕಿನ ಸ್ಟಬ್ ತಂದು ನನ್ನ ಕಾರಿನ ಕಿಟಕಿ ಒಳಗೆ ಕೊಟ್ರು, ಆಗ ಮನೆ ಒಳಗೆ ಯಾರನ್ನೂ ಕರೀತಿರಲಿಲ್ಲವಲ್ಲ, ಮಾಸ್ಕ್ ಹಾಕ್ಕೊಂಡು ದೂರ ನಿಂತು "ನೋಡು, ಇದರಲ್ಲಿ ಯಾವ ಬಿಲ್ಲು ಮೊದಲು ಕಟ್ಲಿ ಹೇಳು" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ.

ಆ ಹೊತ್ತಿಗೆ ಪರಿಹಾರದ ಘೋಷಣೆ ಆಗಿತ್ತು. ಏಪ್ರಿಲ್ 17ರಂದು ಕೃಷಿ ಕಾರ್ಯದರ್ಶಿ ಸನ್ನಿ ಪರ್ಡ್ಯೂ 19 ಬಿಲಿಯನ್ ಡಾಲರಿನ ಪ್ಯಾಕೇಜ್ ಹೇಳಿದ್ರು, ಅದರಲ್ಲಿ 16 ಬಿಲಿಯನ್, ಅಂದ್ರೆ 1,600 ಕೋಟಿ ಡಾಲರ್, ನೇರ ರೈತರ ಖಾತೆಗೆ. ಉಳಿದ 3 ಬಿಲಿಯನ್‌ನಲ್ಲಿ ಹಾಲು ತರಕಾರಿ ಮಾಂಸ ಕೊಂಡು ಡಬ್ಬ ಕಟ್ಟಿ ಬಡವರಿಗೆ ಹಂಚೋದು. ಕೊರೋನಾವೈರಸ್ ಫುಡ್ ಅಸಿಸ್ಟೆನ್ಸ್ ಪ್ರೋಗ್ರಾಂ ಅಂತ ಉದ್ದ ಹೆಸರು, ಇಲ್ಲಿ ಎಲ್ಲರೂ ಸೀಫ್ಯಾಪ್ ಅಂತಾರೆ. ಅರ್ಜಿ ಹಾಕೋದು ಮೇ 26ಕ್ಕೆ ಶುರುವಾಯ್ತು. ಹಾಕಬೇಕಾಗಿದ್ದು ಕೌಂಟಿಯ ಫಾರ್ಮ್ ಸರ್ವಿಸ್ ಏಜೆನ್ಸಿ ಆಫೀಸಿಗೆ, ಎಫ್‌ಎಸ್‌ಎ ಅಂತಾರೆ. ಅಮೆರಿಕದ ಹಳ್ಳಿ ಕಡೆ ಈ ಆಫೀಸು ತುಂಬಾ ಮುಖ್ಯ. ಅಲ್ಲಿ ರೈತರೇ ಓಟು ಹಾಕಿ ಆರಿಸಿದ ಒಂದು ಕೌಂಟಿ ಕಮಿಟಿ ಇರುತ್ತೆ, ಸಂಬಳದ ಸಿಬ್ಬಂದೀನೂ ಹೆಚ್ಚಾಗಿ ಇಲ್ಲಿಯವರೇ, ಯಾರ ಹೊಲ ಎಲ್ಲಿ ಮುಗಿಯುತ್ತೆ ಅಂತ ಮ್ಯಾಪ್ ನೋಡದೇ ಹೇಳ್ತಾರೆ. ಆದ್ರೆ ಆಗ ಬಾಗಿಲು ಹಾಕಿತ್ತು, ಎಲ್ಲಾ ಫೋನಲ್ಲಿ. ಹೊರಗೆ ಗೋಡೆ ಹತ್ರ ಒಂದು ಡಬ್ಬ ಇಟ್ಟಿದ್ರು, ಸಹಿ ಮಾಡಿದ ಕಾಗದ ಅದರೊಳಗೆ ಹಾಕಿ ಬರಬೇಕು.

ಕಾಗದ ಅಂದ್ರೆ ಒಂದೆರಡಲ್ಲ. ಮುಖ್ಯ ಅರ್ಜಿ ಎಡಿ-3114. ಅದರ ಜೊತೆ ಆದಾಯ 9 ಲಕ್ಷ ಡಾಲರ್ ಒಳಗಿದೆ ಅನ್ನೋದಕ್ಕೆ ಸಿಸಿಸಿ-941, ಜವುಗು ಭೂಮಿ ಒಣಗಿಸಿ ಉಳುಮೆ ಮಾಡಿಲ್ಲ ಅನ್ನೋ ಎಡಿ-1026, ಜಮೀನನ್ನ ಯಾರು ಯಾವ ಪಾಲಲ್ಲಿ ನಡೆಸ್ತಾರೆ ಅನ್ನೋ ಸಿಸಿಸಿ-902, ಬ್ಯಾಂಕ್ ಡೀಟೇಲ್ಸ್‌ದು ಬೇರೆ. ಮುಂಚಿಂದ ಸರ್ಕಾರಿ ಕಾರ್ಯಕ್ರಮಗಳಲ್ಲಿ ಇದ್ದೋರ ಫೈಲು ಆಫೀಸಲ್ಲಿ ರೆಡಿ ಇತ್ತು, ಅವರಿಗೆ ಒಂದು ಫೋನು ಒಂದು ಸಹಿ, ಮುಗೀತು. ಯಾವತ್ತೂ ಆ ಆಫೀಸಿನ ಮೆಟ್ಟಿಲು ಹತ್ತದವರಿಗೆ ಮೊದಲಿಂದ ಶುರು. ಸಹಾಯ ಬೇಕೇ ಬೇಕು ಅನ್ನೋ ಎಷ್ಟೋ ಜನ ಈ ಎರಡನೇ ಗುಂಪಿನವರು, ಇದನ್ನ ನಾನು ಆ ಬೇಸಿಗೇಲಿ ಕಣ್ಣಾರೆ ನೋಡಿದೆ. ಒಂದು ಒಳ್ಳೇದು ಅಂದ್ರೆ ರೈತ ತಾನೇ ಬರ್ದು ಸಹಿ ಮಾಡಿದ್ರೆ ಸಾಕಿತ್ತು, ರಸೀದಿ ಎಲ್ಲ ಆಗಲೇ ಕೊಡಬೇಕಾಗಿರಲಿಲ್ಲ, ಆಮೇಲೆ ತಪಾಸಣೆಗೆ ಕರೆದ್ರೆ ತೋರಿಸಬೇಕು. ಆ ನಂಬಿಕೆ ಇಡದೇ ಹೋಗಿದ್ರೆ ದುಡ್ಡು ಡಿಸೆಂಬರ್‌ಗೂ ಬರ್ತಿರಲಿಲ್ಲ.

ಈಗ ಲೆಕ್ಕಕ್ಕೆ ಬರ್ತೀನಿ, ಯಾಕಂದ್ರೆ ವಿಷಯ ಇರೋದೇ ಅಲ್ಲಿ. ಹಾಲಿಗೆ ಎರಡು ಭಾಗ. ಜನವರಿ-ಮಾರ್ಚ್ ಉತ್ಪಾದನೆಗೆ ಹಂಡ್ರೆಡ್‌ವೇಟಿಗೆ 4.71 ಡಾಲರ್. ಅದೇ ಉತ್ಪಾದನೆಯನ್ನ 1.014ರಿಂದ ಗುಣಿಸಿ, ಅದಕ್ಕೆ ಇನ್ನೊಂದು 1.47 ಡಾಲರ್, ಇದು ಏಪ್ರಿಲ್-ಜೂನ್ ನಷ್ಟದ ಬಾಬ್ತು. ಅಜ್ಜ ಅಜ್ಜಿಯ 60 ಹಸು, 65 ಪೌಂಡ್, ಆ ವರ್ಷ ಫೆಬ್ರವರಿಗೆ 29 ದಿನ ಆದ್ದರಿಂದ 91 ದಿನ, ಒಟ್ಟು 3,549 ಹಂಡ್ರೆಡ್‌ವೇಟ್. 16,716 ಪ್ಲಸ್ 5,290, ಒಟ್ಟು 22,006 ಡಾಲರ್. ದುಡ್ಡು ಎಲ್ಲರಿಗೂ ಸಾಕಾಗುತ್ತೋ ಇಲ್ಲವೋ ಅಂತ ಮೊದಲು 80 ಪರ್ಸೆಂಟ್ ಮಾತ್ರ ಕೊಟ್ರು, 17,600. ಉಳಿದ 4,400 ಆಮೇಲೆ ಬಂತು.

ಆ 17,600 ಖಾತೆಗೆ ಬಂದ ದಿನ ಅಜ್ಜ ಫೋನ್ ಮಾಡಿದ್ರು. ಖುಷಿಗಲ್ಲ. ಇದು ನಿಜವಾಗ್ಲೂ ನಮ್ಮದೇ ತಾನೇ, ವಾಪಸ್ ಕೇಳಲ್ಲ ತಾನೇ ಅಂತ ಎರಡು ಸಲ ಕೇಳಿದ್ರು. ಫೀಡ್ ಮಿಲ್‌ನ ಬಾಕಿ ಪೂರ್ತಿ ತೀರ್ತು, ವೆಟ್ ಬಿಲ್ಲು ತೀರ್ತು, ಬಿತ್ತನೆ ಬೀಜಕ್ಕೆ ತಗೊಂಡಿದ್ದ ಸಾಲದಲ್ಲಿ ಅರ್ಧ ಹೋಯ್ತು. ಈ ಪರಿಹಾರಾನ ಬರೀ ಬೈಯೋರು ಇದ್ದಾರೆ, ರೈತರಿಗೆ ಸುಮ್ಮನೆ ಹಂಚಿದ್ರು ಅನ್ನೋರೂ ಇದ್ದಾರೆ, ನಾನು ಅವರ ಜೊತೆ ಸೇರಲ್ಲ. ಆ ಜೂನ್‌ನಲ್ಲಿ ಆ ದುಡ್ಡು ಬರದೇ ಹೋಗಿದ್ರೆ ನಮ್ಮ ರಸ್ತೇಲೇ ಮೂರು ಕೊಟ್ಟಿಗೆ ಖಾಲಿ ಆಗ್ತಿದ್ವು, ಅವರ ಪುಸ್ತಕ ಬರೆಯೋಳು ನಾನು, ನಂಗೊತ್ತು.

ಆದ್ರೆ ಇದೇ ಸೂತ್ರಾನ ದೊಡ್ಡ ಡೈರಿಗೆ ಹಾಕಿ ನೋಡಿ. ಒಬ್ಬರಿಗೆ ಗರಿಷ್ಠ ಮಿತಿ 2,50,000 ಡಾಲರ್. ಸುಮಾರು 680 ಹಸು ಇದ್ರೆ ಆ ಮಿತಿ ಮುಟ್ಟುತ್ತೆ. ಕಂಪನಿ ಅಥವಾ ಎಲ್‌ಎಲ್‌ಸಿ ಮಾಡ್ಕೊಂಡಿದ್ದು, ಅದರಲ್ಲಿ ಮೂರು ಪಾಲುದಾರರು ತಲಾ 400 ಗಂಟೆ ಕೆಲಸಾನೋ ಉಸ್ತುವಾರೀನೋ ಮಾಡಿದ್ರೆ ಮಿತಿ 7,50,000. ಮೊದಲ ಘೋಷಣೆ ಹೊತ್ತಲ್ಲಿ ಒಂದು ಬೆಳೆಗೆ 1,25,000 ಅನ್ನೋ ಒಳಮಿತಿ ಇತ್ತು, ಅದನ್ನೂ ಕೊನೆಗೆ ತೆಗೆದ್ರು. ದೊಡ್ಡವರಿಗೂ ನಷ್ಟ ಆಗಿದೆ, ಅವರಿಗೆ ನಷ್ಟ ದೊಡ್ಡದೇ, ಅದನ್ನ ನಾನು ಅಲ್ಲ ಅನ್ನಲ್ಲ. ಆದ್ರೆ ಈ ಲೆಕ್ಕದಲ್ಲಿ ಎಲ್ಲೂ "ನಿಮ್ಮ ಸಾಲ ಎಷ್ಟು, ನಿಮಗೆ ಎಷ್ಟು ದಿನ ತಡ್ಕೊಳೋಕೆ ಆಗುತ್ತೆ" ಅನ್ನೋ ಪ್ರಶ್ನೇನೇ ಇಲ್ಲ. ಹಾಲು ಎಷ್ಟು ಅನ್ನೋದೊಂದೇ ಪ್ರಶ್ನೆ. 22 ಸಾವಿರಕ್ಕೆ ಅಜ್ಜ ಅಜ್ಜಿ ಒಂದು ಬೇಸಿಗೆ ಉಸಿರಾಡಿದ್ರು, ಇನ್ನೊಂದು ಕಡೆ ಅದೇ ಸೂತ್ರದ ದುಡ್ಡಲ್ಲಿ ಪಕ್ಕದ ಜಮೀನು ಕೊಳ್ಳೋ ಶಕ್ತಿ ಬಂತು. ಒಂದೇ ಕೌಂಟಿ, ಒಂದೇ ಅರ್ಜಿ ಫಾರ್ಮು.

ತಾರೀಕುಗಳದ್ದು ಇನ್ನೊಂದು ಸಂಕಟ. ಮಾಂಸಕ್ಕೆ ಸಾಕೋ ದನಕ್ಕೆ ಏಪ್ರಿಲ್ 15 ಅಂತ ಒಂದು ಗೆರೆ ಎಳೆದಿದ್ರು. ಜನವರಿ 15ರಿಂದ ಏಪ್ರಿಲ್ 15ರ ಒಳಗೆ ಮಾರಿದ ಕೊಬ್ಬಿಸಿದ ದನಕ್ಕೆ ತಲೆಗೆ 214 ಡಾಲರ್. ಏಪ್ರಿಲ್ 16ರಿಂದ ಮೇ 14ರ ಮಧ್ಯೆ ಕೊಟ್ಟಿಗೇಲಿ ಇದ್ದಿದ್ದಕ್ಕೆ 33 ಡಾಲರ್. ಕಾರಣ ಏನಂದ್ರೆ ಎರಡೂ ಬೇರೆ ಬೇರೆ ಚೀಲದ ದುಡ್ಡು, ಮೊದಲನೇದು ಮಾರ್ಚ್ 27ಕ್ಕೆ ಸಹಿಯಾದ ಕೇರ್ಸ್ ಆಕ್ಟ್ ಅನ್ನೋ ಕೊರೋನಾ ಪರಿಹಾರ ಕಾನೂನಿಂದು, 9.5 ಬಿಲಿಯನ್, ಎರಡನೇದು ಕಮಾಡಿಟಿ ಕ್ರೆಡಿಟ್ ಕಾರ್ಪೊರೇಶನ್ ಅನ್ನೋ ಸರ್ಕಾರಿ ಸಂಸ್ಥೆದು, 6.5 ಬಿಲಿಯನ್. ಕಾಗದದ ಮೇಲೆ ಸರಿ. ಆದ್ರೆ ಮಾಂಸದ ಫ್ಯಾಕ್ಟರಿಗಳು ಮುಚ್ಚೋಕೆ ಶುರುವಾಗಿದ್ದೇ ಆ ಹೊತ್ತಿಗೆ, ಸೌತ್ ಡಕೋಟಾದ ಸೂ ಫಾಲ್ಸ್‌ನ ದೊಡ್ಡ ಹಂದಿ ಮಾಂಸದ ಫ್ಯಾಕ್ಟರಿ ಮುಚ್ತೀವಿ ಅಂದಿದ್ದು ಏಪ್ರಿಲ್ 12ಕ್ಕೆ, ಅಯೋವಾದ ವಾಟರ್ಲೂದು ಏಪ್ರಿಲ್ 22ಕ್ಕೆ ನಿಂತಿದ್ದು. ಹೊಡೆತ ಜೋರಾಗಿ ಬಿದ್ದಿದ್ದು ಗೆರೆಯಿಂದ ಈಚೆಗೆ, ದೊಡ್ಡ ದುಡ್ಡು ಇದ್ದಿದ್ದು ಗೆರೆಯಿಂದ ಆಚೆಗೆ. ನನ್ನ ಹತ್ರ ಬರೋ ಅಣ್ಣ ತಮ್ಮ ಇಬ್ಬರು, ಬೇರೆ ಬೇರೆ ಫಾರ್ಮ್, ಅಣ್ಣ ಏಪ್ರಿಲ್ 10ಕ್ಕೆ ಮಾರಿದ್ದ, ತಮ್ಮನಿಗೆ ಲಾರಿ ಸಿಕ್ಕಿದ್ದು 20ಕ್ಕೆ, ಅದೂ ಕಡಿಮೆ ರೇಟಿಗೆ. ಹತ್ತು ದಿನ. ತಲೆಗೆ 181 ಡಾಲರ್ ವ್ಯತ್ಯಾಸ. ಆ ತಮ್ಮ, ಲೆಕ್ಕದ ಹಾಳೇನ ಎರಡು ಸಲ ನೋಡಿ ಮಡಚಿ ಜೇಬಿಗೆ ಹಾಕ್ಕೊಂಡ, ಏನೂ ಮಾತಾಡ್ಲಿಲ್ಲ.

ಮತ್ತೆ ಯಾರಿಗೆ ಬರಲೇ ಇಲ್ವೋ ಅವರ ವಿಷಯ. ನನ್ನನ್ನ ಇನ್ನೂ ಕಾಡೋದು ಇದೇ. 2019ರ ಅಕ್ಟೋಬರ್‌ನಲ್ಲಿ ಒಬ್ಬರು ಹಸು ಎಲ್ಲಾ ಮಾರಿಬಿಟ್ಟಿದ್ರು, ನಾಲ್ಕು ತಲೆಮಾರಿನ ಡೈರಿ, ಸಾಲ ತಡೆಯೋಕೆ ಆಗಲಿಲ್ಲ. ಇನ್ನು ಎಂಟು ತಿಂಗಳು ಹೇಗಾದ್ರೂ ನಿಂತಿದ್ರೆ ಅವರಿಗೂ ಹಾಲಿನ ಪರಿಹಾರ ಬರ್ತಿತ್ತು. ಜನವರಿ-ಮಾರ್ಚ್‌ನಲ್ಲಿ ಹಾಲೇ ಇಲ್ಲ ಅಂದ್ಮೇಲೆ ತೂಕ ಸೊನ್ನೆ. ಹಸುಗಳಿಗೆ ಅಂತ ಬೆಳೆದಿದ್ದ ಮೆಕ್ಕೆಜೋಳ ಸ್ವಲ್ಪ ಕಣಜದಲ್ಲಿ ಉಳಿದಿತ್ತು. ಜೋಳದ ನಿಯಮ ಹೀಗೆ: 2019ರ ಬೆಳೆಯ ಅರ್ಧ, ಇಲ್ಲಾ 2020ರ ಜನವರಿ 15ಕ್ಕೆ ಬೆಲೆ ನಿಗದಿಯಾಗದೇ ಉಳಿದಿದ್ದ ದಾಸ್ತಾನು, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅದರಲ್ಲಿ ಅರ್ಧಕ್ಕೆ ಬುಷೆಲ್‌ಗೆ, ಅದು ಇಲ್ಲಿ ಕಾಳು ಅಳೆಯೋ ಅಳತೆ, 32 ಸೆಂಟು, ಇನ್ನರ್ಧಕ್ಕೆ 35 ಸೆಂಟು. ಅವರದು 2,000 ಬುಷೆಲ್. 670 ಡಾಲರ್ ಬಂತು. ತಿನ್ನೋ ಹಸು ಇಲ್ಲದ ಜೋಳಕ್ಕೆ. ಅವರು ಫೋನಲ್ಲಿ ಥ್ಯಾಂಕ್ಸ್ ಹೇಳಿದ್ರು, ನನಗೆ ಆ ಥ್ಯಾಂಕ್ಸ್ ತಗೊಳೋಕೆ ಆಗಲಿಲ್ಲ.

ಇನ್ನೊಂದು ಜೋಡಿ, ಚಿಕ್ಕ ವಯಸ್ಸಿನವರು, ಐದಾರು ಎಕರೇಲಿ ತರಕಾರಿ ಬೆಳೆದು ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ರೆಸ್ಟೋರೆಂಟ್‌ಗಳಿಗೆ ಕೊಡ್ತಿದ್ರು. ರೆಸ್ಟೋರೆಂಟ್ ಮುಚ್ಚಿದ್ವು, ಇವರ ಆರ್ಡರ್ ಎಲ್ಲಾ ಹೋಯ್ತು. ಮೊದಲ ಸೀಫ್ಯಾಪ್‌ನಲ್ಲಿ ತರಕಾರಿಗೆ ಲೆಕ್ಕ ಇದ್ದಿದ್ದು ಹೆಚ್ಚಾಗಿ ಜನವರಿ 15ರಿಂದ ಏಪ್ರಿಲ್ 15ರ ಮಧ್ಯೆ ಆದ ನಷ್ಟಕ್ಕೆ. ವಿಸ್ಕಾನ್ಸಿನ್‌ನಲ್ಲಿ ಆ ಹೊತ್ತಲ್ಲಿ ನೆಲದ ಮೇಲೆ ಹಿಮ ಇರುತ್ತೆ, ಸ್ವಾಮಿ. ಕ್ಯಾಲಿಫೋರ್ನಿಯಾ, ಫ್ಲೋರಿಡಾ ಕಡೆ ಆ ನಿಯಮಕ್ಕೆ ಅರ್ಥ ಇರಬಹುದು, ಇಲ್ಲಿನ ಬೆಳೆಗಾರನಿಗೆ ಅದು ಮುಚ್ಚಿದ ಬಾಗಿಲು. ಕಾಂಟ್ರ್ಯಾಕ್ಟ್ ಮೇಲೆ ಕೋಳಿ, ಹಂದಿ ಸಾಕೋರಿಗೂ ಇಲ್ಲ, ಪ್ರಾಣಿ ಕಂಪನೀದು, ಬೆಲೆ ಬಿದ್ರೆ ನಿಮಗೆ ನಷ್ಟ ಇಲ್ಲ ಅಂದ್ರು. ಶೆಡ್ಡಿನ ಸಾಲ ಮಾತ್ರ ಸಾಕೋರದ್ದೇ. ಅವರ ಕಡೆ ತಿರುಗಿ ನೋಡಿದ್ದು 2021ರಲ್ಲಿ.

ಬೇಡ ಅಂದವರೂ ಇದ್ದಾರೆ. ನಮ್ಮ ಕಡೆ ಆಮಿಶ್ ಜನ ತುಂಬಾ, ಹಳೇ ಕಾಲದ ಥರ ಸರಳವಾಗಿ ಬದುಕೋ ಕ್ರೈಸ್ತ ಪಂಗಡದವರು, ರಾಜ್ಯದ ಅತಿ ದೊಡ್ಡ ಆಮಿಶ್ ನೆಲೆ ಇರೋದು ಕ್ಯಾಶ್ಟನ್ ಸುತ್ತಮುತ್ತ. ಅವರು ಸಾಮಾನ್ಯವಾಗಿ ಸರ್ಕಾರದ ದುಡ್ಡು ಮುಟ್ಟಲ್ಲ, ಒಬ್ಬರಿಗೆ ಕಷ್ಟ ಬಂದ್ರೆ ತಮ್ಮ ತಮ್ಮಲ್ಲೇ ಎತ್ತಿ ಕೊಡ್ತಾರೆ. ಅವರ ಹಾಲಿನ ರೇಟೂ ಅಷ್ಟೇ ಬಿದ್ದಿತ್ತು.

ವಿಸ್ಕಾನ್ಸಿನ್ ರಾಜ್ಯ ಸರ್ಕಾರ ಬೇರೆ ಒಂದು ಮಾಡ್ತು, ಅದನ್ನ ಹೇಳದೇ ಇದ್ರೆ ತಪ್ಪಾಗುತ್ತೆ. ಕೇಂದ್ರದಿಂದ ಬಂದ ಕೇರ್ಸ್ ದುಡ್ಡಲ್ಲಿ 50 ಮಿಲಿಯನ್, ಅಂದ್ರೆ 5 ಕೋಟಿ ಡಾಲರ್ ಎತ್ತಿಟ್ಟು, ಫಾರ್ಮಿನ ಒಟ್ಟು ವಹಿವಾಟು ವರ್ಷಕ್ಕೆ 35,000ದಿಂದ 50 ಲಕ್ಷ ಡಾಲರ್ ಒಳಗಿದ್ದ ರೈತರಿಗೆ ಹಂಚ್ತು. ತೂಕ ಇಲ್ಲ, ತಲೆ ಇಲ್ಲ, ಎಕರೆ ಇಲ್ಲ. ಎಲ್ಲರಿಗೂ ಒಂದೇ ಮೊತ್ತ. ಅರ್ಜೀನೂ ಚಿಕ್ಕದು, ರಾಜ್ಯದ ತೆರಿಗೆ ಇಲಾಖೆ ಹತ್ರ ಲೆಕ್ಕ ಆಗಲೇ ಇತ್ತಲ್ಲ. ದೊಡ್ಡ ಡೈರಿಯವರಿಗೆ ಅದು ಒಂದು ವಾರದ ಮೇವಿಗೂ ಸಾಲಲ್ಲ ನಿಜ, ಆದ್ರೆ ತರಕಾರಿ ಬೆಳೆಯೋ ಆ ಜೋಡಿಗೆ ಆ ಬೇಸಿಗೇಲಿ ಬಂದ ಮೊದಲ ದುಡ್ಡು ಅದೇ. ಸೀಫ್ಯಾಪ್‌ನ ಪ್ರತಿ ಚೆಕ್ಕಲ್ಲೂ ಇಷ್ಟು ಒಂದು ಸಮಪಾಲು ಮೊದಲು ಇಟ್ಟು, ಉಳಿದಿದ್ದನ್ನ ತೂಕದ ಲೆಕ್ಕಕ್ಕೆ ಬಿಟ್ಟಿದ್ರೆ ಎಷ್ಟು ಚೆನ್ನಾಗಿರ್ತಿತ್ತು. ಅಪ್ಪ ಕೇಳಿದ ಪ್ರಶ್ನೆಗೆ ಇದೇ ಸರಿಯಾದ ಉತ್ತರ ಅಂತ ನನ್ನ ಅಭಿಪ್ರಾಯ, ಒಂದು ಪಾಲು ಮನೆಗೆ, ಒಂದು ಪಾಲು ಹಾಲಿಗೆ.

ಸೆಪ್ಟೆಂಬರ್‌ನಲ್ಲಿ ಎರಡನೇ ಸೀಫ್ಯಾಪ್ ಬಂತು, ಅಧ್ಯಕ್ಷ ಟ್ರಂಪ್ ಅದನ್ನ ಘೋಷಿಸಿದ್ದು ನಮ್ಮ ವಿಸ್ಕಾನ್ಸಿನ್‌ನ ಮೊಸಿನೀಲೇ, ಚುನಾವಣೆಗೆ ಒಂದೂವರೆ ತಿಂಗಳು ಇರ್ವಾಗ. 14 ಬಿಲಿಯನ್‌ವರೆಗೆ. ಮೊದಲನೇದರ ಎಷ್ಟೋ ತಪ್ಪು ಇದರಲ್ಲಿ ತಿದ್ದಿದ್ರು. ತರಕಾರಿಗೆ ತಿಂಗಳ ಗೆರೆ ತೆಗೆದು 2019ರ ಮಾರಾಟದ ಮೇಲೆ ಪರ್ಸೆಂಟ್ ಇಟ್ರು, 50,000 ಡಾಲರ್ ಒಳಗಿನ ಮಾರಾಟಕ್ಕೆ 10.6 ಪರ್ಸೆಂಟ್, ಮೇಲೆ ಹೋದ ಹಾಗೆ ಪರ್ಸೆಂಟ್ ಕಡಿಮೆ, 10 ಲಕ್ಷ ದಾಟಿದ್ದಕ್ಕೆ 8.8. ಇಳಿಜಾರು ಸಣ್ಣದೇ, ಆದ್ರೂ ಸಣ್ಣವರ ಕಡೆ ವಾಲಿದ ಇಳಿಜಾರು. ಆ ಜೋಡಿಯ ಮಾರಾಟ 38,000, ಅವರಿಗೆ 4,028 ಬಂತು. ದನಕ್ಕೆ ತಲೆಗೆ 55. ಹಾಲಿಗೆ ಹಂಡ್ರೆಡ್‌ವೇಟಿಗೆ 1.20, ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಉತ್ಪಾದನೆಗೆ, ಅಜ್ಜ ಅಜ್ಜಿಗೆ 12,870 ಆಯ್ತು. ಅಲ್ಫಾಲ್ಫಾ, ಓಟ್ಸ್‌ಗೆ ಎಕರೆಗೆ 15.

ಇಷ್ಟರ ಮಧ್ಯೆ ಮಾರ್ಕೆಟ್ ಇನ್ನೊಂದು ಆಟ ಆಡ್ತು. ಸರ್ಕಾರ ಆಹಾರದ ಡಬ್ಬಗಳಿಗೆ ಚೀಸ್ ಕೊಳ್ಳೋಕೆ ಶುರು ಮಾಡಿದ್ದು, ಹೋಟೆಲ್‌ಗಳು ಸ್ವಲ್ಪ ತೆರೆದಿದ್ದು, ಎಲ್ಲಾ ಸೇರಿ ಏಪ್ರಿಲ್‌ನಲ್ಲಿ 1 ಡಾಲರ್ ಇದ್ದ ಚೀಸ್ ಜುಲೈಯಲ್ಲಿ 3 ಡಾಲರ್. ಕ್ಲಾಸ್ 3 ಬೆಲೆ ಮೇನಲ್ಲಿ 12.14, ಜುಲೈಯಲ್ಲಿ 24.54. ಪೇಪರಲ್ಲಿ ಹಾಲಿಗೆ ಚಿನ್ನದ ಬೆಲೆ ಅಂತ ಬರೆದ್ರು. ಆದ್ರೆ ಅಜ್ಜಿಯ ಚೆಕ್ ಸ್ಟಬ್‌ನಲ್ಲಿ ಪಿಪಿಡಿ, ಅಂದ್ರೆ ಪ್ರೊಡ್ಯೂಸರ್ ಪ್ರೈಸ್ ಡಿಫರೆನ್ಶಿಯಲ್ ಅನ್ನೋ ಸಾಲಿನ ಮುಂದೆ ಮೈನಸ್ ಚಿಹ್ನೆ. ಕುಡಿಯೋ ಹಾಲು, ಚೀಸ್, ಬೆಣ್ಣೆ ಎಲ್ಲದರ ದುಡ್ಡನ್ನೂ ಒಂದೇ ಕೊಳಕ್ಕೆ ಹಾಕಿ ಹಂಚೋ ಪದ್ಧತಿ ಇಲ್ಲಿ, ಚೀಸ್ ಬೆಲೆ ದಿಢೀರನೆ ಏರಿದಾಗ ಚೀಸ್ ಫ್ಯಾಕ್ಟರಿಗಳು ಆ ತಿಂಗಳು ಕೊಳದಿಂದ ಹೊರಗೆ ನಿಲ್ಲಬಹುದು, ಆಗ ಒಳಗೆ ಉಳಿದವರ ಪಾಲಿಗೆ ಮೈನಸ್. ಅಜ್ಜಿಗೆ ಇದನ್ನ ಅರ್ಧ ಗಂಟೆ ವಿವರಿಸಿದೆ. "ಅಂದ್ರೆ ಬೆಲೆ ಬಿದ್ರೂ ನಮ್ಮಿಂದ ಹೋಗುತ್ತೆ, ಏರಿದ್ರೂ ನಮ್ಮಿಂದ ಹೋಗುತ್ತೆ" ಅಂದ್ರು.

ಪಿಪಿಪಿ ಸಾಲದ್ದೂ ಒಂದು ಮಾತು. ಸಣ್ಣ ಬಿಸಿನೆಸ್‌ಗಳಿಗೆ ಅಂತ ಬಂದಿದ್ದ, ನಿಯಮದ ಪ್ರಕಾರ ಖರ್ಚು ಮಾಡಿದ್ರೆ ಮನ್ನಾ ಆಗೋ ಸಾಲ ಅದು. ಒಬ್ಬರೇ ನಡೆಸೋ ಫಾರ್ಮಿಗೆ ಮೊದಲು ನಿವ್ವಳ ಲಾಭದ ಮೇಲೆ ಲೆಕ್ಕ ಹಾಕ್ತಿದ್ರು. ಸವಕಳಿ, ಬಡ್ಡಿ ಎಲ್ಲಾ ಕಳೆದ್ರೆ ಸಣ್ಣ ಡೈರಿಯ ಶೆಡ್ಯೂಲ್ ಎಫ್ ಅನ್ನೋ ರೈತರ ತೆರಿಗೆ ಫಾರ್ಮಿನಲ್ಲಿ ಲಾಭ ಅನ್ನೋ ಸಾಲು ಹೆಚ್ಚಿನ ವರ್ಷ ಮೈನಸ್ಸೇ, ಹಾಗಾಗಿ ಸೊನ್ನೆ ಸಾಲ. ಡಿಸೆಂಬರ್ 2020ರ ಕಾನೂನಲ್ಲಿ ಅದನ್ನ ಒಟ್ಟು ವಹಿವಾಟಿನ ಮೇಲೆ ಅಂತ ಬದಲಾಯಿಸಿದ್ರು, ಆಗ 20,833 ಡಾಲರ್‌ವರೆಗೆ ಸಿಕ್ತು. ಇದು ನಿಜವಾಗ್ಲೂ ಸಣ್ಣವರನ್ನ ಮುಟ್ಟಿದ ಬದಲಾವಣೆ. ಆ ಚಳಿಗಾಲ ನಾನು ರಾತ್ರಿ ಹತ್ತರವರೆಗೆ ಕೂತು ಅರ್ಜಿ ತುಂಬಿದೀನಿ, ಒಂದು ದಿನಾನೂ ಬೇಜಾರಾಗಲಿಲ್ಲ.

ಟ್ಯಾಕ್ಸ್ ಸೀಸನ್ ಬಂದಾಗ ಮಾತ್ರ ಕೆಲವರ ಮುಖ ನೋಡೋಕೆ ಆಗಲಿಲ್ಲ. ಸೀಫ್ಯಾಪ್ ದುಡ್ಡು ಪೂರ್ತಿ ತೆರಿಗೆಗೆ ಒಳಪಟ್ಟ ಆದಾಯ, 1099-ಜಿ ಅಂತ ಫಾರ್ಮು ಮನೆಗೆ ಬರುತ್ತೆ. ಬಂದ ದುಡ್ಡು ಹಳೇ ಬಾಕಿಗೆ ಹೋಗಿ ಆಗಿತ್ತು, ತೆರಿಗೆ ಕಟ್ಟೋಕೆ ಅಂತ ಯಾರೂ ಎತ್ತಿಟ್ಟಿರಲಿಲ್ಲ. ಜೂನ್‌ನಲ್ಲೇ ಎಲ್ಲರಿಗೂ ಒಂದು ಪಾಲು ಬೇರೆ ಇಡಿ ಅಂತ ಒತ್ತಿ ಒತ್ತಿ ಹೇಳಬೇಕಿತ್ತು, ಕೆಲವರಿಗೆ ಹೇಳಿದ್ದೆ, ಕೆಲವರಿಗೆ ಹೇಳೋಕೆ ಆಗಿರಲಿಲ್ಲ.

ಇಲ್ಲಿ ಯಾರಿಗೆ ಎಷ್ಟು ಬಂತು ಅನ್ನೋದು ಗುಟ್ಟೂ ಅಲ್ಲ. ಎನ್ವಿರಾನ್ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನೋ ಸಂಸ್ಥೆ ಸರ್ಕಾರದಿಂದ ಮಾಹಿತಿ ತಗೊಂಡು ಕೌಂಟಿವಾರು ಹೆಸರು ಸಮೇತ ಹಾಕುತ್ತೆ. ಊರಿನ ಕೆಫೇಲಿ ಬೆಳಗ್ಗೆ ಕಾಫಿಗೆ ಸೇರೋರು ಆ ಲಿಸ್ಟ್ ನೋಡಿರ್ತಾರೆ, ನೋಡಿದೀವಿ ಅಂತ ಯಾರೂ ಬಾಯಿ ಬಿಡಲ್ಲ. ದುಡ್ಡು ಸಾರ್ವಜನಿಕರದ್ದು, ಲೆಕ್ಕ ಸಾರ್ವಜನಿಕವಾಗೇ ಇರಬೇಕು ಅಂತ ನಾನು ನಂಬ್ತೀನಿ. ಆದ್ರೆ 22 ಸಾವಿರ ತಗೊಂಡಿದ್ದಕ್ಕೆ ಅಜ್ಜ ಕೆಲವು ವಾರ ಆ ಕೆಫೆಗೆ ಹೋಗೋದು ಬಿಟ್ಟಿದ್ರು, ಮೂರು ಲಕ್ಷ ತಗೊಂಡೋರು ಯಾರೂ ಬಿಟ್ಟಿದ್ದು ನಾನು ಕೇಳಲಿಲ್ಲ.

2021ರ ಮಾರ್ಚ್ 24ಕ್ಕೆ ಹೊಸ ಸರ್ಕಾರ ಇನ್ನೊಂದು ಘೋಷಣೆ ಮಾಡ್ತು. ಎರಡನೇ ಸೀಫ್ಯಾಪ್‌ನಲ್ಲಿ ಎಕರೆ ಲೆಕ್ಕದಲ್ಲಿ ದುಡ್ಡು ಪಡೆದ ಬೆಳೆಗಳಿಗೆ ಎಕರೆಗೆ ಇನ್ನೂ 20 ಡಾಲರ್, ಹೊಸ ಅರ್ಜಿ ಬೇಡ, ತಾನಾಗೇ ಖಾತೆಗೆ ಬರುತ್ತೆ. ಅಜ್ಜ ಅಜ್ಜಿಯದು 38 ಎಕರೆ ಅಲ್ಫಾಲ್ಫಾ, 760 ಡಾಲರ್ ಬಂತು. ಆ ಹೊತ್ತಿಗೆ ಅವರ ಹಸುಗಳು ಹೋಗಿ ಆರು ವಾರ ಆಗಿತ್ತು. ಅಜ್ಜನ ಮೊಣಕಾಲು, ಮಕ್ಕಳು ಯಾರೂ ವಾಪಸ್ ಬರಲ್ಲ ಅಂದಿದ್ದು, ಮೇವಿನ ಬೆಲೆ ಮತ್ತೆ ಏರಿದ್ದು, ಎಲ್ಲಾ ಸೇರಿ. ಎರಡು ಟ್ರೈಲರ್ ಬಂದು ಒಂದೇ ಬೆಳಗ್ಗೆಯಲ್ಲಿ 60 ಹಸು ಹತ್ತಿಸ್ಕೊಂಡು ಹೋದ್ವು, ಕೊನೇ ಹಸು ಹತ್ತೋಕೆ ಒಪ್ಪದೇ ಅಜ್ಜಿ ಹೋಗಿ ಕೊರಳು ಸವರಿ ಹತ್ತಿಸಿದ್ರು.

ದುಡ್ಡು ಬಂದಿದ್ದನ್ನ ನೋಡಿ ಅಜ್ಜಿ ಫೋನ್ ಮಾಡಿದ್ರು, ಹಸು ಇಲ್ಲವಲ್ಲ, ಇದು ತಪ್ಪಿ ಬಂದಿದ್ಯಾ, ವಾಪಸ್ ಕಳಿಸಬೇಕಾ ಅಂತ. ಇದು 2020ರ ಬೆಳೆಯ ಬಾಬ್ತು, ನಿಮ್ಮದೇ, ಇಟ್ಕೊಳಿ ಅಂದೆ. ಹಂಗಾದ್ರೆ ಪುಸ್ತಕದಲ್ಲಿ ಎಲ್ಲಿ ಬರೀತೀಯ ಅಂದ್ರು. ನನ್ನ ಮುಂದೆ ಅವರ ಆ ವರ್ಷದ ಪುಟ ತೆರೆದಿತ್ತು. ಹಾಲಿನ ಕಾಲಂನಲ್ಲಿ ಫೆಬ್ರವರಿ ಆದ್ಮೇಲೆ ಏನೂ ಇರಲಿಲ್ಲ. ಸರ್ಕಾರದ ಪೇಮೆಂಟ್ ಅನ್ನೋ ಕಾಲಂನಲ್ಲಿ 760 ಅಂತ ಬರೆದೆ.